ಅಡಿಕೆ ಹಾಳೆಯ ನೀರಿನಿಂದ ಬೆರಳ ಗಂಟಿನವರೆಗೆ!

ಬೆಳಿಗ್ಗೆ ಎದ್ದಿದ್ದೀರಿ. ಬೆರಳ ಗಂಟುಗಳು ಊದಿವೆ. ಮುಷ್ಟಿ ಕಟ್ಟಲು ಆಗುತ್ತಿಲ್ಲ. ಈ ಕಾಯಿಲೆ ಯಾವಾಗ ಶುರುವಾಯಿತು? ಊಹಿಸಿ!

ನಿನ್ನೆ ರಾತ್ರಿಯೇ? ಕಳೆದ ವಾರವೇ? ಕಳೆದ ಮಳೆಗಾಲದಲ್ಲೇ?

ಹಿಂದೆ ಹೋಗಿ. ಇನ್ನೂ ಹಿಂದೆ ಹೋಗಿ! ಎಷ್ಟು ವರ್ಷ ಅಂತ ಈಗಲೇ ಹೇಳುವುದಿಲ್ಲ.

ಎಲ್ಲಿ ಶುರುವಾಯಿತು ಅನ್ನುವುದು ಅದಕ್ಕಿಂತ ಸೊಗಸಾದ ಪ್ರಶ್ನೆ. ನೋವು ಬೆರಳಿನಲ್ಲಿದೆ, ಹಾಗಾಗಿ ಬೆರಳಿನಲ್ಲೇ ಅನ್ನುತ್ತೀರಿ. ಅಲ್ಲವೇ ಅಲ್ಲ! ಎಷ್ಟೋ ಸಲ ಕಾಯಿಲೆ ಗಂಟಿಗೆ ಬಂದು ತಲುಪುವುದು ಎಲ್ಲಕ್ಕಿಂತ ಕೊನೆಗೆ.

ಜಗತ್ತಿನ ಪ್ರಯೋಗಾಲಯಗಳು ಬೆನ್ನು ಹತ್ತಿರುವ ಈ ಕಥೆಯ ಒಂದು ಅಧ್ಯಾಯ ನಡೆದದ್ದು ಎಲ್ಲಿ ಗೊತ್ತೇ? ನಮ್ಮ ತೋಟಗಳಲ್ಲಿ!

ಮಳೆಗಾಲದಲ್ಲಿ ಬೆಳ್ತಂಗಡಿ ಕಡೆಯ ಯಾವುದಾದರೂ ಅಡಿಕೆ ತೋಟಕ್ಕೆ ಇಳಿಯಿರಿ. ಬಿದ್ದ ಹಾಳೆಯೊಂದರ ಹತ್ತಿರ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಅಂಚು ಮೇಲಕ್ಕೆ ಮಡಚಿದ ಆ ಗುಳಿಯಲ್ಲಿ ಒಂದು ಲೋಟದಷ್ಟು ಮಳೆನೀರು. ಬಗ್ಗಿ ನೋಡಿ. ಕೊಂಕಿ ಕೊಂಕಿ ಈಜುವ ಪುಟ್ಟ ಹುಳಗಳು! ನಿಮ್ಮ ನೆರಳು ಬಿದ್ದದ್ದೇ ತಡ, ಸರ್ರನೆ ತಳಕ್ಕೆ ಇಳಿಯುತ್ತವೆ.

ಏಡಿಸ್ ಸೊಳ್ಳೆಯ ಮರಿಗಳು ಅವು. ಕಪ್ಪು ಮೈ, ಬಿಳಿ ಪಟ್ಟೆ, ಹಗಲು ಹೊತ್ತಿನಲ್ಲೇ ಕಚ್ಚುವ ಜಾತಿ. ರಬ್ಬರ್ ತೋಟದಲ್ಲಿ ಹಾಳೆಯೂ ಬೇಡ. ಮಳೆಗೆ ಟ್ಯಾಪಿಂಗ್ ನಿಂತ ಮೇಲೆ ಮಗುಚಿಡದೆ ಬಿಟ್ಟ ಹಾಲಿನ ಚಿಪ್ಪು ಒಂದು ಸಾಕು!

ಈಗ 2008ಕ್ಕೆ ಬನ್ನಿ. ದಕ್ಷಿಣ ಕನ್ನಡದ ಊರೂರಲ್ಲಿ ಈ ಸೊಳ್ಳೆ ಹರಡುವ ವೈರಸ್ ಜ್ವರ, ಚಿಕೂನ್‌ಗುನ್ಯಾ! ಒಂದೇ ಮನೆಯಲ್ಲಿ ನಾಲ್ಕು ಹಾಸಿಗೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಗಟ್ಟಿಮುಟ್ಟಾದ ಗಂಡಸರು. ಆ ದಿನಗಳು ನಿಮಗೂ ನೆನಪಿರಬಹುದು.

ಈ ವೈರಸ್ಸಿನ ಚರಿತ್ರೆಯೇ ಬೆರಗಿನದು. 1952ರಲ್ಲಿ ಆಫ್ರಿಕಾದ ಟ್ಯಾಂಗನಿಕಾದಲ್ಲಿ ಮೊದಲು ಕಣ್ಣಿಗೆ ಬಿತ್ತು. 1963ರಲ್ಲಿ ಕಲ್ಕತ್ತಾಕ್ಕೆ ಬಂತು. 1973ರ ನಂತರ ಭಾರತದಲ್ಲಿ ಅದರ ಸುದ್ದಿಯೇ ಇಲ್ಲ! ಮೂರು ದಶಕ ಕಳೆದು 2005ರಲ್ಲಿ ಮರಳಿತು. ಮರುವರ್ಷ ಕರ್ನಾಟಕವೊಂದರಲ್ಲೇ ಶಂಕಿತ ಪ್ರಕರಣ ಎಷ್ಟು? ಐವತ್ತು ಸಾವಿರ? ಒಂದು ಲಕ್ಷ? ಏಳೂವರೆ ಲಕ್ಷ!

2008ರಲ್ಲಿ ಕರಾವಳಿಯ ರೋಗಿಗಳಿಂದ ಸಿಕ್ಕ ವೈರಸ್ಸನ್ನು ವಿಜ್ಞಾನಿಗಳು ಅಕ್ಷರ ಅಕ್ಷರ ಬಿಡಿಸಿ ಓದಿದರು. ಅದರ ಪೂರ್ತಿ ವಂಶಲಿಪಿ ಸುಮಾರು 11,800 ಅಕ್ಷರ. ಹಿಂದಿನ ವೈರಸ್ಸಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಕಂಡಿತು. ಎಷ್ಟು ದೊಡ್ಡದು?

ಒಂದು ಅಕ್ಷರ!

ಆ ಒಂದು ಅಕ್ಷರದಿಂದ ವೈರಸ್ಸಿನ ಹೊರಮೈಯ ಪ್ರೋಟೀನಿನಲ್ಲಿ 226ನೇ ಜಾಗದ ಅಮೈನೋ ಆಮ್ಲ ಬದಲಾಯಿತು. ಅಲನೀನ್ ಇದ್ದಲ್ಲಿ ವ್ಯಾಲೀನ್ ಬಂತು. ಅಷ್ಟೇ! ಅಷ್ಟಕ್ಕೇ ಹುಲಿ ಸೊಳ್ಳೆ ಎಂದು ಕರೆಯುವ ಏಡಿಸ್ ಜಾತಿಯ ಮೈಯಲ್ಲಿ ಅದು ಹಿಂದೆಂದಿಗಿಂತ ಚೆನ್ನಾಗಿ ಬೆಳೆಯತೊಡಗಿತು. ಹುಲಿ ಸೊಳ್ಳೆ ಎಲ್ಲಿಯದು? ಪೇಟೆಯ ಸಿಮೆಂಟು ತೊಟ್ಟಿಗಿಂತ ತೋಟ, ಗುಡ್ಡ, ಪೊದೆಗಳನ್ನು ಮೆಚ್ಚುವಂಥದ್ದು. ನಮ್ಮ ಹಾಳೆಯ ನೀರಿನದು!

ಇಲ್ಲಿಯವರೆಗಿನದು ಜ್ವರದ ಕಥೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಭಾಗ ಇನ್ನು ಮುಂದಿದೆ.

ಜ್ವರ ಇಳಿಯಿತು. ರಕ್ತದಲ್ಲಿ ವೈರಸ್ ಉಳಿಯುವುದು ಕೆಲವೇ ದಿನ. ಜನ ಗುಣವಾದರು ಅಂತ ಲೆಕ್ಕ. ಆದರೆ ನಮ್ಮ ಜಿಲ್ಲೆಯ 203 ರೋಗಿಗಳನ್ನು ಸಂಶೋಧಕರು ಬಿಡಲಿಲ್ಲ. 10 ತಿಂಗಳು ಬೆನ್ನು ಹತ್ತಿದರು. ಹತ್ತು ತಿಂಗಳ ನಂತರವೂ ಗಂಟು ನೋಯುತ್ತಿದ್ದವರು ಎಷ್ಟು ಮಂದಿ? ಹತ್ತರಲ್ಲೊಬ್ಬರು? ಐವರಲ್ಲೊಬ್ಬರು?

ಹೆಚ್ಚುಕಡಿಮೆ ಅರ್ಧದಷ್ಟು!

ಅದರಲ್ಲೂ ಹಲವರ ಲಕ್ಷಣಗಳು, ಗಂಟುಗಳನ್ನು ಊದಿಸಿ ಮೂಳೆ ಸವೆಸುವ ರುಮಟಾಯ್ಡ್ ಆರ್ಥರೈಟಿಸ್ ಎಂಬ ರೋಗವನ್ನು ಗುರುತಿಸಲು ಅಮೆರಿಕದ ವೈದ್ಯರು ಮಾಡಿಟ್ಟ ಮಾನದಂಡಕ್ಕೆ ಪಕ್ಕಾ ಹೊಂದಿದವು. ಕೆಲವರ ಎಂಆರ್‌ಐ ತೆಗೆದರೆ ಸಂದಿನ ಒಳಪರೆ ದಪ್ಪವಾಗಿತ್ತು, ಮೂಳೆ ಸವೆದಿತ್ತು! ಸೊಳ್ಳೆ ಕಚ್ಚಿ ಬಂದ ಜ್ವರ ಮೂಳೆ ತಿನ್ನುವುದುಂಟೇ? 2010ರಲ್ಲಿ ಈ ವರದಿ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ದಕ್ಷಿಣ ಕನ್ನಡದ ಗಂಟುನೋವು ಜಗತ್ತಿನ ಓದಿಗೆ ಸಿಕ್ಕಿತು!

ಅಮೆರಿಕದಲ್ಲೂ ಇದೇ ಬೆರಗು. 2014ರಲ್ಲಿ ಹೈಟಿಗೆ ಹೋಗಿ ಚಿಕೂನ್‌ಗುನ್ಯಾ ಹಚ್ಚಿಕೊಂಡು ಮರಳಿದ 10 ಮಂದಿಯನ್ನು ಪರೀಕ್ಷಿಸಿದರು. 8 ಮಂದಿಯ ಗಂಟುಬಾಧೆ ರುಮಟಾಯ್ಡ್ ಆರ್ಥರೈಟಿಸ್‌ನ ಮಾನದಂಡಕ್ಕೆ ಹೊಂದಿತು. ರಕ್ತದ ರೋಗನಿರೋಧಕ ಕಣಗಳ ಚಿತ್ರ ತೆಗೆದರೆ ಇವರದ್ದು ಯಾವುದು, ಹಳೆಯ ರುಮಟಾಯ್ಡ್ ರೋಗಿಗಳದ್ದು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ!

ಹಾಗಾದರೆ ಗಂಟನ್ನು ಊದಿಸಿದ್ದು ಯಾರು? ವೈರಸ್ ಅನ್ನುತ್ತೀರಾ? ಸ್ವಲ್ಪ ತಾಳಿ!

2013ರಲ್ಲಿ ಸಿಂಗಾಪುರದ ವಿಜ್ಞಾನಿಗಳು ಇಲಿಗಳಿಗೆ ಈ ವೈರಸ್ ಕೊಟ್ಟರು. ಮಾಮೂಲಿ ಇಲಿಗಳ ಪಾದ ಊದಿತು. ಇನ್ನೊಂದು ಗುಂಪಿನ ಇಲಿಗಳಲ್ಲಿ ಸಿಡಿ4 ಎಂಬ ಬಿಳಿ ರಕ್ತಕಣಗಳೇ ಇರಲಿಲ್ಲ. ವೈರಸ್ ಅವುಗಳ ಮೈಯಲ್ಲೂ ಇತ್ತು. ಊತ? ತೀರಾ ಕಡಿಮೆ!

ಮತ್ತೊಮ್ಮೆ ಓದಿ. ವೈರಸ್ ಇದೆ, ಊತ ತೀರಾ ಕಡಿಮೆ. ಅಂದರೆ ಗಂಟು ಊದಿಸಿದ್ದು ಹೊರಗಿನ ಶತ್ರುವಲ್ಲ. ಕಾಯಬೇಕಾದ ನಮ್ಮದೇ ಕಣಗಳು!

ಚಿಕೂನ್‌ಗುನ್ಯಾದ ಗಂಟುಬಾಧೆ ಎಷ್ಟೋ ಮಂದಿಗೆ ತಿಂಗಳುಗಳಲ್ಲಿ, ಕೆಲವರಿಗೆ ವರ್ಷಗಳಲ್ಲಿ ಇಳಿಯುತ್ತದೆ. ನಿಜವಾದ ರುಮಟಾಯ್ಡ್ ಆರ್ಥರೈಟಿಸ್ ತಾನಾಗಿ ಇಳಿಯುವುದು ಅಪರೂಪ. ಅಲ್ಲಿ ಸೊಳ್ಳೆಯಿಲ್ಲ, ಜ್ವರವಿಲ್ಲ. ಅಲ್ಲಿ ನಮ್ಮ ಕಣಗಳನ್ನು ಕೆರಳಿಸುವುದು ಏನು?

ಇದಕ್ಕೆ ಸುಳಿವು ಕೊಟ್ಟ ಅಣು ಮೊದಲು ಸಿಕ್ಕಿದ್ದು ಎಲ್ಲಿ ಎಂದು ಕೇಳಿದರೆ ನೀವು ನಂಬಲಾರಿರಿ. ಬಿ.ಸಿ. ರೋಡಿನಲ್ಲಿ ಬೇಸಿಗೆಗೆ ರಾಶಿ ಹಾಕಿ ಮಾರುತ್ತಾರಲ್ಲ, ಅದೇ ಹಣ್ಣು. ಕಲ್ಲಂಗಡಿ!

1914ರಲ್ಲಿ ಜಪಾನಿನ ಇಬ್ಬರು ಕಲ್ಲಂಗಡಿ ರಸದಿಂದ ಒಂದು ಅಮೈನೋ ಆಮ್ಲ ಬೇರ್ಪಡಿಸಿದರು. ಸಿಟ್ರುಲಿನ್ ಅದು. (ಹೆದರಬೇಡಿ, ಕಲ್ಲಂಗಡಿ ಧಾರಾಳ ತಿನ್ನಿ! ಹಣ್ಣಿನಲ್ಲಿರುವ ಸಿಟ್ರುಲಿನ್ ಬಿಡಿಯಾಗಿ ಇರುತ್ತದೆ, ಅದರಿಂದ ಈ ರೋಗ ಬರುವುದಿಲ್ಲ.) ನಮ್ಮ ದೇಹ ಪ್ರೋಟೀನು ಕಟ್ಟುವಾಗ ಸಿಟ್ರುಲಿನ್ ಬಳಸುವುದೇ ಇಲ್ಲ. ಆದರೆ ಕಟ್ಟಿ ಮುಗಿದ ಪ್ರೋಟೀನಿನೊಳಗೆ ಆರ್ಜಿನಿನ್ ಎಂಬುದನ್ನು ಸಿಟ್ರುಲಿನ್ ಆಗಿ ತಿದ್ದುವ ಕಿಣ್ವವೊಂದು ನಮ್ಮಲ್ಲಿದೆ. ತಿದ್ದಿದಾಗ ತೂಕದಲ್ಲಿ ಆಗುವ ವ್ಯತ್ಯಾಸ ಎಷ್ಟಿರಬಹುದು?

ಒಂದು ಹೈಡ್ರೋಜನ್ ಪರಮಾಣುವಿನಷ್ಟೂ ಇಲ್ಲ!

ಆದರೆ ಒಂದು ಧನವಿದ್ಯುತ್ ಅಂಶ ಮಾಯವಾಗುತ್ತದೆ. ಪ್ರೋಟೀನಿನ ಆಕಾರ ಒಂಚೂರು ಸಡಿಲುತ್ತದೆ. ಯಜಮಾನ ಮೀಸೆ ಬೋಳಿಸಿ ಅಂಗಳಕ್ಕೆ ಬಂದರೆ ಸಾಕಿದ ನಾಯಿಯೇ ಬೊಗಳಿದ ಹಾಗೆ! ಇದ್ದ ಪ್ರೋಟೀನು ನಮ್ಮದೇ. ಗುರುತು ತಪ್ಪಿತು. ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿದವು. 1998ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಈ ಗುಟ್ಟು ಬಯಲಾಯಿತು. ಇವತ್ತು ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಹುಡುಕುವುದು ಇದೇ ಪ್ರತಿಕಾಯಗಳನ್ನು!

ಇನ್ನೊಂದು ಊಹೆ. ಈ ತಿದ್ದುಪಡಿ ಜೋರಾಗಿ ನಡೆಯುವ ಜಾಗಗಳಲ್ಲಿ ಒಂದು ಯಾವುದು? ಮೊಣಕಾಲೇ? ಬೆರಳೇ?

ಶ್ವಾಸಕೋಶ!

ಹೊಗೆ ಒಳಗೆ ಹೋಗುತ್ತದೆ, ಅಲ್ಲಿನ ಕಿಣ್ವ ಎಚ್ಚರಗೊಳ್ಳುತ್ತದೆ, ಪ್ರೋಟೀನುಗಳ ಗುರುತು ಕೆಡುತ್ತದೆ. ಗಂಟಿನಿಂದ ಗೇಣುಗಟ್ಟಲೆ ದೂರದಲ್ಲಿ! ಕಲ್ಲಿನ ಧೂಳೂ ಕಡಿಮೆಯದಲ್ಲ. ಸಿಲಿಕಾ ಧೂಳು ಕುಡಿದವರಲ್ಲಿ ಈ ಗಂಟುರೋಗ ಹೆಚ್ಚು. ಜಲ್ಲಿ ಕ್ರಷರಿನ ಪಕ್ಕ ಮುಖಕ್ಕೆ ಬಟ್ಟೆಯೂ ಕಟ್ಟದೆ ದುಡಿಯುವವರನ್ನು ಕಂಡಾಗಲೆಲ್ಲ ನನಗೆ ಇದೇ ನೆನಪು. ಒಸಡಿನ ಮೇಲೂ ಸಂಶಯವಿದೆ! ರೋಗ ಹಿಡಿದ ಒಸಡಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಹತ್ತಿರ ಇಂಥದ್ದೇ ತಿದ್ದುವ ಕಿಣ್ವ ಸ್ವಂತದ್ದೇ ಇದೆ.

ಸರಿ, ಹೊಗೆ ಸೇದಿದವರಿಗೆಲ್ಲ ರೋಗ ಬರಬೇಕಲ್ಲ? ಬರುವುದಿಲ್ಲ. ಕೆಲವರು ಹುಟ್ಟುವಾಗಲೇ ಒಂದು ಬಗೆಯ ಜೀನ್ ತಂದಿರುತ್ತಾರೆ. ಸ್ವೀಡನ್ನಿನವರು 2006ರಲ್ಲಿ ಲೆಕ್ಕ ಹಾಕಿದರು. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಪಡೆದು, ಮೇಲೆ ಸಿಗರೇಟೂ ಸೇದುವವರಿಗೆ ಸಿಟ್ರುಲಿನ್ ಪ್ರತಿಕಾಯವಿರುವ ರುಮಟಾಯ್ಡ್ ಬರುವ ಅಪಾಯ ಎಷ್ಟು ಪಟ್ಟು ಹೆಚ್ಚು? ಎರಡು? ಐದು?

21 ಪಟ್ಟು!

ಹಾಗಾದರೆ ಎಲ್ಲವೂ ಜೀನಿನಲ್ಲೇ ಬರೆದಿದೆ ಎಂದಿರಾ? ಅದೂ ಅಲ್ಲ! ಒಂದೇ ಅಂಡದಿಂದ ಹುಟ್ಟಿದ ಅವಳಿಗಳನ್ನು ನೋಡಿ. ಅಡಿಯಿಂದ ಮುಡಿವರೆಗೆ ಅದೇ ಜೀನು. ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೆ ಬರುವುದು ನೂರರಲ್ಲಿ ಸುಮಾರು 15 ಜೋಡಿಗಳಲ್ಲಿ ಮಾತ್ರ! ಉಳಿದ 85 ಜೋಡಿಗಳಲ್ಲಿ ಒಬ್ಬರು ಪಾರು. ಬದುಕಿನಲ್ಲಿ ಎದುರಾದದ್ದು, ಉಸಿರಾಡಿದ್ದು, ತಗುಲಿದ ಸೋಂಕು, ಬರೀ ಅದೃಷ್ಟ, ಎಲ್ಲದಕ್ಕೂ ಇಲ್ಲಿ ಪಾಲಿದೆ.

ಈಗ ಬಂಟ್ವಾಳ, ಮೂಡುಬಿದಿರೆ ಕಡೆಯ ಒಂದು ಮನೆಯ ಜಗಲಿಗೆ ಬನ್ನಿ. ಮಡಿಲಲ್ಲಿ ತಡ್ಪೆ ಎಂಬ ಮೊರ, ತಡ್ಪೆಯಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ಚಿಟಿಕೆ ಪುಡಿ. ಹೆಬ್ಬೆರಳು ಒಮ್ಮೆ ಹೊರಳುತ್ತದೆ, ಎಲೆ ಸುರುಳಿಯಾಗುತ್ತದೆ, ತುದಿ ಮಡಚುತ್ತದೆ, ನೂಲು ಬೀಳುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಬೀಡಿ! ಸಂಜೆಯೊಳಗೆ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು.

ಈ ಬೆರಳುಗಳು ನೋಯುತ್ತವೆ. "ಬೀಡಿ ಕಟ್ಟಿ ಕಟ್ಟಿ ನೋವು" ಅನ್ನುತ್ತಾರೆ. ಎಣ್ಣೆ ಹಚ್ಚುತ್ತಾರೆ, ಮೆಡಿಕಲ್ಲಿನಿಂದ ಮಾತ್ರೆ ತರಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಬಹಳ ಸಲ ಅದು ನಿಜವೇ. ಆದರೆ ಕೆಲಸದ ನೋವಿನ ಮರೆಯಲ್ಲಿ ಇನ್ನೊಂದು ನೋವು ಅಡಗಿ ಕೂರಬಲ್ಲದು! ಪತ್ತೆ ಮಾಡುವುದು ಹೇಗೆ?

ಗಡಿಯಾರ ನೋಡಿ!

ದುಡಿತದ ನೋವು ದುಡಿದಂತೆ ಏರುತ್ತದೆ, ಮಲಗಿದರೆ ಇಳಿಯುತ್ತದೆ. ಉರಿಯೂತದ ನೋವು ಪೂರಾ ಉಲ್ಟಾ! ರಾತ್ರಿಯಿಡೀ ವಿಶ್ರಾಂತಿ ಪಡೆದ ಬೆರಳು ಮುಂಜಾನೆಯೇ ಎಲ್ಲಕ್ಕಿಂತ ಬಿಗಿ. ಎಲೆ ಸುರುಳಿ ಸುತ್ತಲು ಬಗ್ಗುವುದೇ ಇಲ್ಲ. ಕೈಯಾಡಿಸುತ್ತ ಆಡಿಸುತ್ತ ಗಂಟೆ ಹತ್ತಾಗುವಷ್ಟರಲ್ಲಿ ಸಡಿಲವಾಗುತ್ತದೆ. ಎರಡೂ ಕೈಯ ಅದೇ ಗಂಟುಗಳು. ಬೆರಳಿನ ಬುಡದ ಮತ್ತು ನಡುವಿನ ಗಂಟು ಊದಿ, ಒತ್ತಿದರೆ ಮೆತ್ತಗೆ. ಹೀಗಿದ್ದರೆ ದಯವಿಟ್ಟು ಎಣ್ಣೆಯಲ್ಲಿ ತಿಂಗಳು ಕಳೆಯಬೇಡಿ! ಗಂಟುರೋಗದ ತಜ್ಞ ವೈದ್ಯರನ್ನು ಕಾಣಿ. ಮೊದಲ ತಿಂಗಳುಗಳಲ್ಲೇ ಮದ್ದು ಶುರುವಾದರೆ ಮೂಳೆ ಉಳಿಯುತ್ತದೆ, ಸವೆದ ಮೂಳೆ ಮರಳಿ ಬರುವುದಿಲ್ಲ.

ಇಲ್ಲೊಂದು ಒಗಟು ಉಳಿಯಿತು ಗಮನಿಸಿದಿರಾ? ನಮ್ಮ ಕಡೆಯ ಹೆಂಗಸರು ಬೀಡಿ ಕಟ್ಟುತ್ತಾರೆ, ಸೇದುವುದಿಲ್ಲ. ಆದರೂ ರುಮಟಾಯ್ಡ್ ಎಲ್ಲ ಕಡೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅದರ ಅಕ್ಕತಂಗಿಯಂಥ ರೋಗ ಲೂಪಸ್‌ನಲ್ಲಿ ಹತ್ತರಲ್ಲಿ ಒಂಬತ್ತು ರೋಗಿಗಳು ಹೆಂಗಸರು! ಯಾಕೆ?

2024ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಒಂದು ಉತ್ತರ ಬಂತು, ರೋಮಾಂಚನದ ಉತ್ತರ! ಹೆಂಗಸರಿಗೆ ಎಕ್ಸ್ ವರ್ಣತಂತು ಎರಡು. ಪ್ರತಿ ಜೀವಕೋಶವೂ ಒಂದರ ಬಾಯಿ ಮುಚ್ಚಿಸಲೇಬೇಕು. ಮುಚ್ಚಿಸಲು ಎಕ್ಸಿಸ್ಟ್ ಎಂಬ ಉದ್ದನೆಯ ಆರ್‌ಎನ್‌ಎ ಅದರ ಮೈಯೆಲ್ಲ ಸುತ್ತಿಕೊಳ್ಳುತ್ತದೆ, ಹತ್ತಾರು ಪ್ರೋಟೀನುಗಳು ಅದಕ್ಕೆ ಅಂಟುತ್ತವೆ. ಆ ಗೊಂಚಲೇ ರೋಗನಿರೋಧಕ ಕಣಗಳ ಕಣ್ಣಿಗೆ ಚುಚ್ಚುತ್ತದಂತೆ! ಪರೀಕ್ಷಿಸಿದ್ದು ಹೇಗೆ? ಗಂಡು ಇಲಿಗಳ ಮೈಯಲ್ಲಿ ಎಕ್ಸಿಸ್ಟ್ ಹುಟ್ಟುವಂತೆ ಮಾಡಿ ಲೂಪಸ್ ಕೆರಳಿಸುವ ರಾಸಾಯನಿಕ ಕೊಟ್ಟರು. ಆ ಗಂಡು ಇಲಿಗಳಿಗೆ ಹೆಚ್ಚುಕಡಿಮೆ ಹೆಣ್ಣು ಇಲಿಗಳಷ್ಟೇ ರೋಗ ಬಂತು! ಇದೇ ಪೂರ್ತಿ ಉತ್ತರ ಎಂದು ನಾನು ಒಪ್ಪಲಾರೆ, ಹಾರ್ಮೋನುಗಳಿಗೂ ಪಾಲಿರಬೇಕು. ಆದರೆ ಎಂಥ ಪ್ರಯೋಗ!

ಇಷ್ಟು ಓದಿ ನಿಮಗೊಂದು ಭಯ ಹುಟ್ಟಿರಬಹುದು. ನಮ್ಮ ಕಣಗಳೇ ನಮಗೆ ತಿರುಗಿ ಬೀಳಬಲ್ಲವಾದರೆ ಎಲ್ಲರಿಗೂ ಯಾಕೆ ಬರುವುದಿಲ್ಲ? ಸ್ವಂತ ದೇಹವನ್ನೇ ಕಚ್ಚಬಲ್ಲ ಕಣಗಳು ಆರೋಗ್ಯವಂತರ ರಕ್ತದಲ್ಲೂ ತಿರುಗುತ್ತಿವೆ. ನಿಮ್ಮಲ್ಲಿ. ನನ್ನಲ್ಲಿ. ಈ ಕ್ಷಣ!

ಅವನ್ನು ಹಿಡಿದು ನಿಲ್ಲಿಸುವ ಇನ್ನೊಂದು ಬಗೆಯ ಕಣಗಳಿವೆ. ಜಪಾನಿನ ಶಿಮೋನ್ ಸಕಗುಚಿ 1995ರಲ್ಲಿ ಅವನ್ನು ತೋರಿಸಿದಾಗ ಒಪ್ಪಿದವರು ಕಡಿಮೆ. ಅಂಥ ಕಣಗಳೇ ಇಲ್ಲ ಎಂಬ ಕಾಲ ಅದು. 2025ರ ವೈದ್ಯಕೀಯ ನೊಬೆಲ್ ಯಾರಿಗೆ ಬಂತು? ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಜೊತೆ ಅದೇ ಸಕಗುಚಿಯವರಿಗೆ! ಮೂವತ್ತು ವರ್ಷ ಬೇಕಾಯಿತು.

ಈಗ ಬಾಕಿ ಉಳಿಸಿದ್ದ ಉತ್ತರ. ಕಾಯಿಲೆ ಎಷ್ಟು ವರ್ಷ ಮುಂಚೆ ಶುರುವಾಯಿತು?

ಆಮ್‌ಸ್ಟರ್‌ಡ್ಯಾಮಿನ ವೈದ್ಯರಿಗೆ ಹೊಳೆದ ಉಪಾಯ ನೋಡಿ. ರುಮಟಾಯ್ಡ್ ಬಂದ 79 ಮಂದಿ ಆರೋಗ್ಯವಾಗಿದ್ದ ಕಾಲದಲ್ಲಿ ರಕ್ತದಾನ ಮಾಡಿದ್ದರು. ಆ ಹಳೆಯ ರಕ್ತದ ಮಾದರಿಗಳು ಶೀತಲಪೆಟ್ಟಿಗೆಯಲ್ಲಿ ಹಾಗೇ ಇದ್ದವು! ತೆಗೆದು ಪರೀಕ್ಷಿಸಿದರು. ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಮೊದಲ ನೋವಿಗೂ ಮುಂಚೆಯೇ ಪ್ರತಿಕಾಯಗಳಿದ್ದವು! ಎಷ್ಟು ಮುಂಚೆ? ಮಧ್ಯಮ ಲೆಕ್ಕಕ್ಕೆ ನಾಲ್ಕೂವರೆ ವರ್ಷ. ಅತಿ ಹಿಂದಿನದು?

ಸುಮಾರು 14 ವರ್ಷ!

ಹದಿನಾಲ್ಕು ವರ್ಷ! ಒಂದೂ ಗಂಟು ನೋಯದೆ, ಒಂದೂ ಮಾತ್ರೆ ನುಂಗದೆ, ಮೈಯೊಳಗೆ ಕಾಯಿಲೆ ತಯಾರಿ ನಡೆಸಿತ್ತು. ಅಮೆರಿಕದ ಸೇನೆ ಕೂಡಿಟ್ಟ ಸುಮಾರು 3 ಕೋಟಿ ರಕ್ತಸಾರದ ಮಾದರಿಗಳಲ್ಲಿ ಲೂಪಸ್ ಬಂದ 130 ಯೋಧರದ್ದನ್ನು ಹುಡುಕಿದಾಗಲೂ ಇದೇ ಕಥೆ. 115 ಮಂದಿಯ ರಕ್ತದಲ್ಲಿ ರೋಗ ಪತ್ತೆಯಾಗುವ ಮೊದಲೇ ಗುರುತು ಇತ್ತು, ಕೆಲವರಲ್ಲಿ 9 ವರ್ಷಕ್ಕೂ ಹಿಂದೆ!

ಅಂದರೆ ಕೈಯಲ್ಲಿ ವರ್ಷಗಳಿವೆ! ಆ ವರ್ಷಗಳಲ್ಲೇ ರೋಗವನ್ನು ತಡೆದರೆ?

ತಡೆದು ನೋಡಿದ್ದಾರೆ! ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ರಕ್ತದಲ್ಲಿ ಪ್ರತಿಕಾಯವಿದ್ದು, ಗಂಟು ನೋಯುತ್ತಿದ್ದು, ಇನ್ನೂ ಊತ ಬಾರದ 213 ಮಂದಿಯನ್ನು ಆರಿಸಿದರು. ಅರ್ಧದಷ್ಟು ಜನರಿಗೆ ಅಬಾಟಸೆಪ್ಟ್ ಎಂಬ ಔಷಧದ ಚುಚ್ಚುಮದ್ದು, ವಾರಕ್ಕೊಂದರಂತೆ ಒಂದು ವರ್ಷ. ಉಳಿದವರಿಗೆ ಔಷಧವಿಲ್ಲದ ಚುಚ್ಚುಮದ್ದು. 2024ರಲ್ಲಿ ಫಲಿತಾಂಶ ಬಂತು. ಮೊದಲ ವರ್ಷದ ಕೊನೆಗೆ ಔಷಧವಿಲ್ಲದವರಲ್ಲಿ ನೂರಕ್ಕೆ 29 ಮಂದಿಗೆ ರೋಗ ಬಂದಿತ್ತು. ಔಷಧ ಪಡೆದವರಲ್ಲಿ?

6!

ಎರಡನೇ ವರ್ಷ ಚುಚ್ಚುಮದ್ದು ಇರಲಿಲ್ಲ. ಅಂತರ ಕಿರಿದಾಯಿತು, 37ಕ್ಕೆ 25. ಆದರೂ ಅಂತರ ಉಳಿಯಿತು! ಎಷ್ಟು ಕಾಲ ಕೊಟ್ಟರೆ ರೋಗ ಪೂರ್ತಿ ನಿಲ್ಲುತ್ತದೆ, ಯಾರಿಗೆ ಕೊಡಬೇಕು, ಇಷ್ಟು ದುಬಾರಿಯಲ್ಲದ ಮದ್ದಿನಿಂದ ಆಗುತ್ತದೆಯೇ ಎಂಬ ಹುಡುಕಾಟ ಈಗ ನಡೆದಿದೆ. ಮನೆಯಲ್ಲಿ ತಾಯಿಗೋ ಅಕ್ಕನಿಗೋ ರುಮಟಾಯ್ಡ್ ಇದ್ದು ನಿಮ್ಮ ಬೆರಳೂ ಮುಂಜಾನೆ ಬಿಗಿಯುತ್ತಿದ್ದರೆ ಆಂಟಿ-ಸಿಸಿಪಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಬೀಡಿ ಸಿಗರೇಟು ಸೇದುವ ತಮ್ಮನಿದ್ದರೆ ಅವನಿಗೆ ಆ 21 ಪಟ್ಟಿನ ಲೆಕ್ಕ ಇವತ್ತೇ ಹೇಳಿ!